ಚಡುಗುಡು ತಂಡದ ಅಳಿಯಂದಿರು

ನನ್ನ ಮದುವೆ ಆದದ್ದು ಒಂದು ಚಡುಗುಡು ತಂಡದ ಸಲುವಾಗಿ. ಇದನ್ನು ಹೇಳಿದರೆ ಈಗಿನ ಹುಡುಗಿಯರು ನಗುತ್ತಾರೆ. ಇನ್ನು ಕೆಲವರು ಅಯ್ಯೋ ಪಾಪ ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಎರಡೂ ಬೇಡ. ಜಾತಕ ನೋಡಿ, ಜಮೀನು ನೋಡಿ, ಹುಡುಗನ ಮೂಗು ನೋಡಿ ಮಾಡಿದ ಮದುವೆಗಳು ಹಾಳಾದದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಮ್ಮಪ್ಪ ಹುಡುಗನ ಉಸಿರು ನೋಡಿ ಕೊಟ್ಟ. ಉಸಿರು ಚೆನ್ನಾಗಿತ್ತು.

ಐವತ್ತರ ದಶಕ ಆಗತಾನೇ ಶುರುವಾಗಿತ್ತು. ಬಂಗಾರಪೇಟೆಯನ್ನು ಇನ್ನೂ ಎಷ್ಟೋ ಜನ ಬೌರಿಂಗ್‌ಪೇಟೆ ಎಂದೇ ಕರೆಯುತ್ತಿದ್ದರು. ಅಲ್ಲಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ರಾಗಿ, ಹುರುಳಿ, ಒಂದಿಷ್ಟು ಕಡಲೆಕಾಯಿ, ಮನೆಗೊಂದೆರಡು ಎಮ್ಮೆ, ಇಷ್ಟೇ ನಮ್ಮ ಐಶ್ವರ್ಯ. ಆದರೆ ಚಡುಗುಡು ಎಂದರೆ ಸುತ್ತಲ ಹಳ್ಳಿಯವರು ನಮ್ಮೂರಿನ ಹೆಸರು ಹೇಳುತ್ತಿದ್ದರು. ಪೇಟೆಯ ಓದಿದವರು ಅದನ್ನು ಕಬಡ್ಡಿ ಅನ್ನುತ್ತಿದ್ದರು. ಅನ್ನಲಿ, ಮೊಣಕಾಲು ತರಚುವುದು ಎರಡರಲ್ಲೂ ಒಂದೇ.

ಪ್ರತಿ ವರ್ಷ ಆಗಸ್ಟ್ ಮೊದಲ ಭಾಗದ ಒಂದು ಭಾನುವಾರ ಹತ್ತಿರದ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ಮೈದಾನದಲ್ಲಿ ದೊಡ್ಡ ಪಂದ್ಯ ನಡೆಯುತ್ತಿತ್ತು. ಗಣಿಗಳ ತಂಡಗಳೂ ಸುತ್ತಲ ಹಳ್ಳಿಗಳ ತಂಡಗಳೂ ಆಡಿ, ಗೆದ್ದವರಿಗೆ ಮೊಳದುದ್ದದ ಬೆಳ್ಳಿ ಕಪ್. ಆ ಕಪ್ ಒಂದು ಸಲವೂ ಹಳ್ಳಿಯ ದಾರಿ ಹಿಡಿದಿರಲಿಲ್ಲ. ಕಾರಣ ಗುಟ್ಟೇನಲ್ಲ. ಹಳ್ಳಿಯಲ್ಲಿ ಒಬ್ಬ ಒಳ್ಳೆಯ ಆಟಗಾರ ತಲೆಯೆತ್ತಿದರೆ ಅವನಿಗೆ ಗಣಿಯಲ್ಲಿ ಕೆಲಸ ಸಿಗುತ್ತಿತ್ತು, ಇರಲು ಗಣಿಯವರ ಲೈನಿನಲ್ಲಿ ಸಾಲುಮನೆ ಸಿಗುತ್ತಿತ್ತು, ಮುಂದಿನ ವರ್ಷ ಅವನು ನಮ್ಮ ಎದುರಿಗೇ ತೊಡೆ ತಟ್ಟುತ್ತಿದ್ದ. ಅವರು ಕೆಲಸ ಕೊಟ್ಟು ಆಟಗಾರರನ್ನು ತರುತ್ತಿದ್ದರು. ನಮ್ಮಲ್ಲಿ ಕೊಡಲು ಕೆಲಸ ಇರಲಿಲ್ಲ. ಹೆಣ್ಣುಮಕ್ಕಳಿದ್ದರು.

ಅಪ್ಪ ಊರಿನ ತಂಡದ ಯಜಮಾನ. ಮೊಣಕಾಲು ಕೆಟ್ಟು ಆಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಆದರೂ ಉಳುವಾಗ ಉಣ್ಣುವಾಗ ಅದೇ ಧ್ಯಾನ. ಗಂಡುಮಕ್ಕಳಿಲ್ಲದ್ದರಿಂದ ಆ ಧ್ಯಾನವೆಲ್ಲ ನನ್ನ ತಲೆಗೆ ಬಂತು. ಸಂಜೆ ಜಗಲಿಯ ಮೇಲೆ ಹುರುಳಿಕಾಳನ್ನು ಈ ಕಡೆ ಏಳು, ಆ ಕಡೆ ಏಳು ಇಟ್ಟು ಅಪ್ಪ ಆಟ ಕಟ್ಟುತ್ತಿದ್ದ. ನಾನು ಕಾಳು ಸರಿಸುತ್ತಿದ್ದೆ. ಚಡುಗುಡು ಚಡುಗುಡು ಎಂದು ಒಂದೇ ಉಸಿರಲ್ಲಿ ಕೂಗುತ್ತಾ ಎದುರಾಳಿಯ ಅಂಕಣಕ್ಕೆ ನುಗ್ಗಿ, ಮುಟ್ಟಿ, ಗೆರೆಗೆ ವಾಪಸ್ ಬರುವುದಕ್ಕೆ ನಮ್ಮ ಕಡೆ ಕೂತ ಅನ್ನುತ್ತಾರೆ. ನಮ್ಮೂರಿನವರಿಗೆ ಹಿಡಿಯುವುದು ಗೊತ್ತಿತ್ತು. ಹೋರಿಯ ಮೂಗುದಾರ ಎಳೆದು ಬೆಳೆದ ಕೈಗಳು ಅವು. ಕೂತ ಹೋಗುವವನು ಮಾತ್ರ ಒಬ್ಬನೂ ಇರಲಿಲ್ಲ. ನಮ್ಮವರು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು.

ಹಿಂದಿನ ವರ್ಷ ನಮ್ಮನ್ನು ಸೋಲಿಸಿದ್ದು ಬೇತಮಂಗಲದ ಕಡೆಯ ಒಂದು ಹಳ್ಳಿ. ಹಳ್ಳಿ ಅನ್ನುವುದಕ್ಕಿಂತ ಆ ಹಳ್ಳಿಯ ಒಬ್ಬ ಹುಡುಗ. ಕೆರೆಯಲ್ಲಿ ಮುಳುಗಿ ಮುಳುಗಿ ಉಸಿರು ಕಟ್ಟುವುದನ್ನು ಕಲಿತವನು. ಒಂದೇ ಕೂತದಲ್ಲಿ ನಮ್ಮ ಮೂವರನ್ನು ಮುಟ್ಟಿ, ಗೆರೆ ದಾಟಿದ ಮೇಲೂ ಉಸಿರು ಉಳಿದಿದೆ ಎಂದು ತೋರಿಸಲು ಇನ್ನೆರಡು ಸಲ ಚಡುಗುಡು ಅಂದು ನಿಂತಿದ್ದ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಮಳೆಗಾಲ ಕಳೆದು ಒಂದು ಸಂಜೆ ಕಾಳು ಸರಿಸುತ್ತಾ, ನನ್ನ ಬಾಯಿಗಿಷ್ಟು ಮಣ್ಣು ಬೀಳ, ಅವನೊಬ್ಬ ನಮ್ಮ ಕಡೆ ಇದ್ದಿದ್ದರೆ ಕಪ್ ನಮ್ಮದೇ ಅಂದುಬಿಟ್ಟೆ. ಅಪ್ಪ ಕಾಳಿನಿಂದ ಕಣ್ಣೆತ್ತಿ ನನ್ನನ್ನೇ ಬಹಳ ಹೊತ್ತು ನೋಡಿದ. ಆ ನೋಟದ ಅರ್ಥ ನನಗೆ ತಿಳಿದದ್ದು ಮುಂದಿನ ವಾರ, ಬೇತಮಂಗಲದಿಂದ ಹೂವು ಹಣ್ಣು ಬಂದಾಗ.

ಗಂಡುಮಕ್ಕಳಿಲ್ಲದ ಮನೆಯವರು ಮಗಳಿಗೆ ಗಂಡನನ್ನು ತಂದು ಮನೆಯಲ್ಲೇ ಇಟ್ಟುಕೊಳ್ಳುವುದು ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಇಲ್ಲಟ ಅನ್ನುತ್ತಾರೆ. ಅವನಿಗೆ ಮಾವನ ಆಸ್ತಿಯಲ್ಲಿ ಪಾಲು ಉಂಟು, ಊರಿನಲ್ಲಿ ಮರ್ಯಾದೆ ಮಾತ್ರ ಅರ್ಧ. ಈ ಹುಡುಗನ ಮನೆಯಲ್ಲಿ ಐವರು ಗಂಡುಮಕ್ಕಳು, ಕೆರೆಯ ಕೆಳಗೆ ಅಂಗೈಯಗಲ ಗದ್ದೆ, ಹಾಗಾಗಿ ಅವರೂ ಒಪ್ಪಿದರು. ವೈಶಾಖದಲ್ಲಿ ನನ್ನ ಮದುವೆಯಾಯಿತು. ಅದೇ ಚಪ್ಪರದಲ್ಲಿ ನನ್ನ ಚಿಕ್ಕಪ್ಪನ ಒಬ್ಬಳೇ ಮಗಳಿಗೂ ಮದುವೆಯಾಯಿತು. ಅವಳ ಗಂಡ ಆಂಧ್ರದ ಗಡಿಯ ಆಚೆಯವನು. ಕೂತ ಬಂದವನ ಕಾಲು ಹಿಡಿದನೆಂದರೆ ಬಿಡಿಸಲು ಎರಡು ಊರಿನವರು ಬರಬೇಕು, ಅಂಥ ಆಳು. ಅಪ್ಪ ಒಂದೇ ಲಗ್ನದಲ್ಲಿ ತಂಡದ ಎರಡು ತೂತು ಮುಚ್ಚಿದ.

ನಂತರ ಬಂಗಾರಪೇಟೆಯ ಸಂತೆಯಲ್ಲಿ ನಮ್ಮೂರಿನ ಚಡುಗುಡು ಬಿಟ್ಟರೆ ಬೇರೆ ಮಾತಿಲ್ಲ. ರೈಲು ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ಕೂತವರೆಲ್ಲ ಪಂಡಿತರೇ. ಈ ಸಲ ಫೈನಲ್ಲಿಗೆ ಹೋಗುವುದು ಖಂಡಿತ ಅಂದವರಿದ್ದರು. ಅಳಿಯಂದಿರ ಶೌರ್ಯವೆಲ್ಲ ಮೊದಲ ಹಬ್ಬದವರೆಗೆ, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ, ಅಂದವರೂ ಇದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದು ಎಣ್ಣೆ ಅಂಗಡಿಯವನು ಅಪ್ಪನಿಗೆ ಬುದ್ಧಿ ಹೇಳಿದನಂತೆ. ಅಪ್ಪ ಆಗಲೇ ಕಪ್ ಇಡಲು ಗೋಡೆಯಲ್ಲಿ ಗೂಡು ಕೊರೆಸಿದ್ದ.

ನನ್ನ ಲೆಕ್ಕ ಬೇರೆ ಇತ್ತು. ಸಂಜೆ ಕಣದಲ್ಲಿ ಅವರು ಆಡುವುದನ್ನು ಬಣವೆಯ ಹಿಂದೆ ನಿಂತು ನೋಡುತ್ತಿದ್ದೆ. ಇವರು, ಅಂದರೆ ನನ್ನ ಗಂಡ, ಕೂತ ಹೋಗುವುದು ನೋಡಲು ಚಂದವೇ. ಆದರೆ ಇವರು ಸಿಕ್ಕಿಬಿದ್ದಾಗ ನಮ್ಮೂರಿನವರ ಮುಖದಲ್ಲಿ ಒಂದು ಸಣ್ಣ ಖುಷಿ ಕಾಣುತ್ತಿತ್ತು. ಹಿಂದಿನ ವರ್ಷ ಸೋಲಿಸಿದವನಲ್ಲವೇ. ಬೆನ್ನ ಹಿಂದೆ ಇವರನ್ನು ಆಟದ ಅಳಿಯ ಅನ್ನುತ್ತಿದ್ದರು. ಕೊಂಡು ತಂದ ಎತ್ತಿಗೆ ಕೊಡುವಷ್ಟು ಮರ್ಯಾದೆ, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಇವರಿಗೆ ಅದು ಗೊತ್ತಿತ್ತು. ಕಪ್ ಬಾರದಿದ್ದರೆ ಈ ಊರಿನಲ್ಲಿ ತಾನು ಯಾರು ಎಂದು ನನ್ನನ್ನು ಒಂದು ದಿನ ಕೇಳಿದರು. ಮದುವೆಯಾಗಿ ತಿಂಗಳಾಗಿರಲಿಲ್ಲ, ಗಂಡ ಅಂದರೆ ಯಾರು ಅನ್ನುವುದೇ ನನಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸಿಲು ದಾಟಬಾರದು. ಗಂಡ ಹೆಂಡತಿಯೂ ಒಂದೆಡೆ ಇರಬಾರದು. ಇಲ್ಲಟದ ಅಳಿಯನಿಗೂ ಇದರಿಂದ ವಿನಾಯಿತಿ ಇಲ್ಲ. ಅಪ್ಪ ಅದನ್ನೆಲ್ಲ ಮೊದಲೇ ಯೋಚಿಸಿದ್ದ. ಆಷಾಢದ ಪಾಡ್ಯದ ದಿನವೇ ಇವರನ್ನು ಬೇತಮಂಗಲಕ್ಕೆ ಕಳಿಸುವುದು, ತಿಂಗಳು ಕಳೆದು ಕರೆತರುವುದು, ಆಮೇಲೆ ಪಂದ್ಯದವರೆಗೆ ಮೈ ಮುರಿಯುವಷ್ಟು ಆಡಿಸುವುದು. ನನ್ನ ಚಿಕ್ಕಮ್ಮ ಎಂದೋ ತೀರಿಕೊಂಡಿದ್ದರಿಂದ ಇನ್ನೊಬ್ಬ ಅಳಿಯನಿಗೆ ಈ ತೊಡಕು ಇರಲಿಲ್ಲ, ಹೆಂಡತಿಯನ್ನು ಅವಳ ತಾಯಿಯ ತವರಿಗೆ ಕಳಿಸಿದರೆ ಸಾಕಿತ್ತು. ಅಪ್ಪ ಇವರನ್ನು ಹೊರಡಿಸುವ ದಿನ ಅಮ್ಮ ಒಲೆಯ ಮುಂದಿನಿಂದಲೇ ಏನೋ ಹೇಳಲು ಬಂದಳು. ಗಂಡಸರ ಆಟದ ವಿಷಯ ನಿನಗೇನು ಗೊತ್ತು ಎಂದು ಅಪ್ಪ ಅವಳ ಬಾಯಿ ಮುಚ್ಚಿಸಿದ.

ತಿಂಗಳ ಮೇಲೆ ಇವರು ಬಂದರು. ತಾಯಿಯ ಕೈ ಊಟದಿಂದ ಕೆನ್ನೆ ತುಂಬಿತ್ತು. ಮಾರನೆಯ ದಿನವೇ ಬಂಗಾರಪೇಟೆಯ ಪುರೋಹಿತರು ನಮ್ಮೂರಿನ ಯಾರದೋ ಮನೆಗೆ ಬಂದವರು, ಅಳಿಯನನ್ನು ನೋಡಿ ಹೌಹಾರಿದರು. ಆ ವರ್ಷ ಎರಡು ಆಷಾಢ. ಕಳೆದುಹೋದದ್ದು ಅಧಿಕ ಮಾಸ, ಅದರಲ್ಲಿ ಮಾಡಿದ ಶಾಸ್ತ್ರ ಲೆಕ್ಕಕ್ಕಿಲ್ಲ. ನಿಜವಾದ ಆಷಾಢ ಶುರುವಾಗಿರುವುದೇ ಈಗ. ಪಂದ್ಯದ ದಿನ ಕೂಡ ಅದರೊಳಗೇ ಬೀಳುತ್ತಿತ್ತು. ಗಣಿಯವರು ಇಂಗ್ಲಿಷ್ ತಿಂಗಳು ನೋಡಿ ದಿನ ಗೊತ್ತುಮಾಡುವವರು, ಅವರಿಗೆ ಆಷಾಢವೂ ಒಂದೇ ಶ್ರಾವಣವೂ ಒಂದೇ. ಅಮ್ಮ ಅಂದು ಒಲೆಯ ಮುಂದೆ ಹೇಳಲು ಬಂದದ್ದು ಇದನ್ನೇ. ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರು ಯಾರೂ ಕೇಳಿರಲಿಲ್ಲ.

ಸುದ್ದಿ ಬೇತಮಂಗಲಕ್ಕೂ ಮುಟ್ಟಿತು. ಎರಡೇ ದಿನದಲ್ಲಿ ಅಲ್ಲಿನ ಹಿರಿಯರು ಗಾಡಿ ಕಟ್ಟಿಕೊಂಡು ಬಂದರು. ಹಳ್ಳಿಗಳ ನಡುವೆ ಒಂದು ಕಟ್ಟುಪಾಡಿತ್ತು. ಪಂದ್ಯಕ್ಕೆ ಹಿಂದಿನ ದಿನಗಳಲ್ಲಿ ಯಾವ ಊರಿನ ಒಲೆಯ ಮುದ್ದೆ ಉಂಡನೋ ಅವನು ಆ ಊರಿನ ಆಟಗಾರ. ದೊಡ್ಡ ಊರಿನವರು ಹಿಂದಿನ ದಿನ ಸಂಜೆ ನೆಂಟರನ್ನು ಕರೆಸಿ ಆಡಿಸುವುದನ್ನು ತಪ್ಪಿಸಲು ಹಿರಿಯರೇ ಮಾಡಿದ್ದು. ಇವರು ನಿಜ ಆಷಾಢ ಪೂರ್ತಿ ತಾಯಿಯ ಮನೆಯಲ್ಲಿ ಉಂಡರೆ ಮತ್ತೆ ಬೇತಮಂಗಲದ ಕಡೆಯವರೇ ಆಗುತ್ತಾರೆ, ನಮ್ಮ ಎದುರಿಗೇ ಆಡುತ್ತಾರೆ. ಬಂದ ಹಿರಿಯರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಶಾಸ್ತ್ರ ಮೀರಬಾರದು, ಹುಡುಗನ ಶ್ರೇಯಸ್ಸು ಮುಖ್ಯ ಎಂದು ಗಂಟಲು ಗದ್ಗದ ಮಾಡಿಕೊಂಡರು. ಎತ್ತುಗಳಿಗೆ ಕುಂಕುಮ ಬೇರೆ ಹಚ್ಚಿಕೊಂಡು ಬಂದಿದ್ದರು.

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಇವರು ಜಗಲಿಯ ಕಂಬಕ್ಕೆ ಒರಗಿ ನಿಂತು ತಮ್ಮ ಗಂಟು ಕಟ್ಟಿಕೊಳ್ಳುತ್ತಿದ್ದರು. ಮುಖದಲ್ಲಿ ಸಿಟ್ಟಿಲ್ಲ, ದುಃಖವಿಲ್ಲ, ಕರೆದರೆ ಬರುವುದು ಕಳಿಸಿದರೆ ಹೋಗುವುದು ಎಂಬ ಒಂದು ಮರದಂಥ ಮೌನ. ಅದನ್ನು ನೋಡಿ ನನಗೆ ಅಪ್ಪನ ಮೇಲೆ, ಆ ಹಿರಿಯರ ಮೇಲೆ, ಚಡುಗುಡು ಕಂಡುಹಿಡಿದವನ ಮೇಲೆ ಎಲ್ಲರ ಮೇಲೂ ಕೋಪ ಬಂತು. ಮನುಷ್ಯನನ್ನು ಹೀಗೆ ಎರಡು ಊರಿನವರು ಎಳೆದಾಡಬಹುದೇ?

ಆಗ ಅಮ್ಮ ಒಳಗಿನಿಂದ ಬಂದಳು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಗಂಡಸರ ಎದುರು ಕೂರದವಳು, ಕೂರಲಿಲ್ಲ. ನಿಂತೇ ಕೇಳಿದಳು.

"ಅತ್ತೆ ಅಳಿಯ ಒಂದು ಗಡಪ ದಾಟಬಾರ್ದು ಅಂತ ತಾನೇ ಶಾಸ್ತ್ರ? ಅಳಿಯನೇ ಓಗ್ಬೇಕು ಅಂತ ಎಲ್ಲೈತೆ? ನಂಗೂ ತವರುಮನೆ ಐತೆ. ನಾನ್ ಓಗ್ತೀನಿ."

ಪುರೋಹಿತರನ್ನು ಕೇಳಲು ಆಳು ಹೋಯಿತು. ಅವರು ಬಹಳ ಹೊತ್ತು ಯೋಚಿಸಿ, ಹಾಗೆ ಯಾರೂ ಮಾಡಿದ್ದನ್ನು ಕಂಡಿಲ್ಲ, ಮಾಡಬಾರದು ಅಂತಲೂ ಎಲ್ಲೂ ಕಂಡಿಲ್ಲ ಎಂದು ಹೇಳಿ ಕಳಿಸಿದರು. ಅಮ್ಮ ಅಷ್ಟರಲ್ಲಿ ಬೀದಿಗಿಳಿದಿದ್ದಳು. ಗಂಡ ಹೆಂಡತಿ ಒಂದೆಡೆ ಇರಬಾರದಲ್ಲ, ನನ್ನನ್ನೂ ಎಳೆದುಕೊಂಡಳು. ಬೇತಮಂಗಲದ ಗಾಡಿ ಬರಿದಾಗಿ ವಾಪಸ್ ಹೋಯಿತು.

ಅಮ್ಮನ ತವರು ಕಾಮಸಮುದ್ರದಿಂದಾಚೆ, ಗಡಿಯ ಹತ್ತಿರ. ಅಲ್ಲಿ ಎಲ್ಲರ ಮನೆಮಾತೂ ತೆಲುಗು. ನಲವತ್ತು ದಾಟಿದ ಮಗಳು ಆಷಾಢಕ್ಕೆ ಬಂದಳಲ್ಲ ಎಂದು ನನ್ನ ಅಜ್ಜಿ ಬಾಗಿಲಲ್ಲೇ ಆರತಿ ಎತ್ತಿ ಗೇಲಿ ಮಾಡಿದಳು. ನೀರಿಗೆ ಹೋದರೆ ಹೆಂಗಸರು ಮುದಿ ಮದುವಣಗಿತ್ತಿ ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಮದುವೆಯಾದ ಮೇಲೆ ಅಷ್ಟು ದಿನ ತವರಿನಲ್ಲಿ ಅವಳು ಇದ್ದದ್ದೇ ಇಲ್ಲವಂತೆ. ಮಧ್ಯಾಹ್ನ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಹೇನು ನೋಡಿಸಿಕೊಳ್ಳುತ್ತಾ ಮಲಗುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಹಗಲು ಮಲಗಿದ್ದನ್ನು ನಾನು ಕಂಡಿರಲಿಲ್ಲ.

ವಾರಕ್ಕೊಮ್ಮೆ ಚಿಕ್ಕಪ್ಪ ಸುದ್ದಿ ತರುತ್ತಿದ್ದ. ಮೊದಲ ವಾರದ ಸುದ್ದಿ ಅಷ್ಟು ಚೆನ್ನಾಗಿರಲಿಲ್ಲ. ಮನೆಯಲ್ಲಿ ಮಾವ ಅಳಿಯ ಇಬ್ಬರೇ. ಅಪ್ಪನಿಗೆ ಒಲೆ ಹಚ್ಚಲೂ ಬಾರದು. ಇವರು ತಾವೇ ಮುದ್ದೆ ತೊಳಸಲು ನಿಂತರಂತೆ, ಮುದ್ದೆಯ ತುಂಬ ಗಂಟು. ಗಂಡಸು ಒಲೆಯ ಮುಂದೆ ಕೂತಿದ್ದಾನೆಂದು ಊರಿನವರು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರಂತೆ. ಎರಡನೆಯ ವಾರ ಚಿಕ್ಕಪ್ಪ ಬಂದಾಗ ಮಾತು ತಿರುಗಿತ್ತು. ಇನ್ನೊಬ್ಬ ಅಳಿಯ, ಆ ಕಾಲು ಹಿಡಿಯುವವನು, ಒಂದು ಸಂಜೆ ಮುದ್ದೆ ತೊಳಸಲು ಕೈ ಹಾಕಿದನಂತೆ. ಮಾರನೆಯ ದಿನ ಮತ್ತೊಬ್ಬ ಉಪ್ಸಾರಿಗೆ ಹುರುಳಿ ತಂದ. ಹೆಂಗಸರಿಲ್ಲದ ಮನೆ, ಯಾರ ಸಂಕೋಚವೂ ಇಲ್ಲ. ಆಟ ಮುಗಿಸಿ ಏಳು ಜನವೂ ಅಲ್ಲೇ ಅಡುಗೆ ಮಾಡಿ, ಅಲ್ಲೇ ಸಾಲಾಗಿ ಉಂಡು, ಅವತ್ತಿನ ಆಟದ ತಪ್ಪು ಒಪ್ಪು ಅಲ್ಲೇ ಜಗಳವಾಡಿ ಮುಗಿಸುತ್ತಿದ್ದರಂತೆ. ಇವರು ಕೂತದಲ್ಲಿ ಸಿಕ್ಕಿಬಿದ್ದರೆ ಈಗ ಯಾರೂ ನಗುವುದಿಲ್ಲ, ಯಾಕೆ ಸಿಕ್ಕಿದೆ ಎಂದು ಬೈಯುತ್ತಾರೆ ಅಂದ ಚಿಕ್ಕಪ್ಪ. ಬೈಯುತ್ತಾರೆ ಎಂದು ಕೇಳಿ ನನ್ನ ಎದೆ ತಣ್ಣಗಾಯಿತು. ಈ ಸಲ ನಮಗೆ ಕಪ್ ಸಿಗಬಹುದು ಎಂದು ನನಗೆ ಮೊದಲ ಬಾರಿ ನಂಬಿಕೆ ಬಂದದ್ದು ಆಗ. ಅಮ್ಮ ಕೇಳಿದ್ದು ಎಮ್ಮೆ ಎಷ್ಟು ಹಾಲು ಕೊಡುತ್ತಿದೆ ಎಂದು.

ಪಂದ್ಯದ ದಿನ ನಾವಿಬ್ಬರೂ ಕಾಮಸಮುದ್ರದಿಂದ ಬಸ್ಸು ಹಿಡಿದು ಹೋದೆವು. ಮೈದಾನಕ್ಕೆ ಹೊಸಿಲಿಲ್ಲ, ಅಲ್ಲಿ ಅತ್ತೆ ಅಳಿಯನ ಮುಖ ನೋಡಿದರೆ ದೋಷವಿಲ್ಲ. ನಮ್ಮೂರಿನವರು ಬಂಗಾರಪೇಟೆಯಿಂದ ರೈಲಿನಲ್ಲಿ ಬಂದಿದ್ದರು. ಬೆಳಗಿನ ಪಾಳಿಗೆ ಇಳಿಯದವರೆಲ್ಲ ಮೈದಾನದ ಸುತ್ತ ಸೇರಿದ್ದರು. ಹಿಡಿ ಎಂಬುದನ್ನೇ ತಮಿಳಿನವರು ಪುಡಿ ಅಂತ, ತೆಲುಗಿನವರು ಪಟ್ಟುಕೋ ಅಂತ ಅರಚುತ್ತಿದ್ದರು. ನಮ್ಮೂರಿನ ಮೊದಲ ಆಟ ಬೇತಮಂಗಲದ ಕಡೆಯವರ ಮೇಲೆ. ಆ ಸಲ ಬಂದದ್ದು ನಾಲ್ಕೇ ತಂಡ, ಗೆದ್ದರೆ ಸಂಜೆ ಫೈನಲ್.

ಆಟ ಶುರುವಾಗುವ ಮುಂಚೆಯೇ ಅವರು ತಕರಾರು ಎತ್ತಿದರು. ಅತ್ತೆ ಇಲ್ಲ, ಹೆಂಡತಿ ಇಲ್ಲ, ಹುಡುಗ ತಾನೇ ಬೇಯಿಸಿಕೊಂಡು ತಿಂದಿದ್ದಾನೆ. ಅಳಿಯನಿಗೆ ಉಣ್ಣಲಿಕ್ಕಿದವರು ಯಾರು? ಇವನು ಆ ಮನೆಯ ಅಳಿಯನಲ್ಲ, ಆಟಕ್ಕೆ ಇಟ್ಟುಕೊಂಡ ಕೂಲಿ ಆಳು. ಹೀಗೆಂದು ಇವರ ಮುಖದೆದುರಿಗೇ ಹೇಳಿದರು. ಹೇಳಿದವರಲ್ಲಿ ಇವರ ಸ್ವಂತ ಅಣ್ಣನೂ ಒಬ್ಬ. ಅಂಪೈರು ಗಣಿಯ ಕಡೆಯವರು, ಮುದ್ದೆಯ ನ್ಯಾಯ ತಮಗೆ ತಿಳಿಯದು, ಹಳ್ಳಿಯ ಹಿರಿಯರೇ ತೀರ್ಮಾನಿಸಲಿ ಎಂದು ಕೈ ತೊಳೆದುಕೊಂಡರು. ನಾಲ್ಕೂರಿನ ಹಿರಿಯರು ಶಾಮಿಯಾನದ ಕೆಳಗೆ ಕೂತರು. ಅಪ್ಪ ಏನೋ ಹೇಳಲು ಹೋಗಿ ತೊದಲಿದ. ಇವರು ಅಂಕಣದ ಮಧ್ಯೆ ತಲೆ ತಗ್ಗಿಸಿ ನಿಂತಿದ್ದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಿಂತ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ.

ಅಮ್ಮ ನನ್ನ ಕೈ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಮಿಯಾನದೊಳಗೆ ಹೋದಳು.

"ಅಣ್ಣಾ, ಕೂಲಿಯೋನ ಕೈಗೆ ಯಾರಾನ ಮನೆ ಕೊಟ್ಟು ಓಗ್ತಾರಾ? ನನ್ ಒಲೆ, ನನ್ ರಾಗಿ, ನನ್ ಎಮ್ಮೆ ಎಲ್ಲಾನೂ ಅವನ ಕೈಗೆ ಕೊಟ್ಟು ಓಗಿದೀನಿ. ಅವನ್ನ ಗಡಪ ದಾಟಿಸ್ಬಾರ್ದು ಅಂತ ನಾನ್ ದಾಟಿದೀನಿ. ಇಂಗೆ ಯಾರ್ಗೋಸ್ಕರ ಮಾಡ್ತಾರೆ ನೀವೇ ಏಳಿ. ಅವನು ನನ್ ಮಗ."

ಬೇತಮಂಗಲದ ಕಡೆಯ ಅತ್ಯಂತ ವಯಸ್ಸಾದ ಹಿರಿಯರೊಬ್ಬರು ಎದ್ದು, ಆಯಮ್ಮನ ಮಾತಿಗೆ ಎದುರು ಮಾತಿಲ್ಲ, ಹುಡುಗ ಆ ಊರಿನವನೇ ಅಂದರು. ಗಂಟಲು ಗದ್ಗದ ಮಾಡಿಕೊಂಡು ನಮ್ಮ ಮನೆಗೆ ಬಂದಿದ್ದ ಹಿರಿಯರೂ ಅವರೇ. ಅವರ ಮೇಲಿದ್ದ ನನ್ನ ಕೋಪ ಅವತ್ತಿಗೆ ಇಳಿಯಿತು. ಇವರು ಮಾತ್ರ ತಲೆಯೆತ್ತಿ ಅಮ್ಮನನ್ನೇ ನೋಡುತ್ತಿದ್ದರು.

ಆ ಮೇಲೆ ನಡೆದ ಆಟವನ್ನು ನಾನು ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಇವರು ಮೊದಲ ಕೂತಕ್ಕೇ ಸ್ವಂತ ಅಣ್ಣನನ್ನು ಮುಟ್ಟಿ ಬಂದರು. ನಮ್ಮೂರಿನವರು ಒಬ್ಬರ ಕೈಗೊಬ್ಬರು ಸರಪಳಿ ಹಾಕಿಕೊಂಡು ನಿಂತ ರೀತಿಯೇ ಬೇರೆಯಾಗಿತ್ತು. ಒಂದೇ ತಪ್ಪಲೆಯ ಮುದ್ದೆ ಉಂಡವರಲ್ಲವೇ, ಒಬ್ಬ ಬಗ್ಗಿದರೆ ಇನ್ನೊಬ್ಬನಿಗೆ ತಾನೇ ಗೊತ್ತಾಗುತ್ತಿತ್ತು. ಬೇತಮಂಗಲದ ಕಡೆಯವರು ಸೋತರು. ನಮ್ಮಂಥ ಒಂದು ರಾಗಿ ಹೊಲದ ಊರು ಮೊದಲ ಸಲ ಫೈನಲ್ಲಿಗೆ ಹೋಯಿತು. ಟೀ ಅಂಗಡಿಯ ಪಂಡಿತರು ಬಂಗಾರಪೇಟೆಯಿಂದ ಮಧ್ಯಾಹ್ನದ ರೈಲಿಗೆ ಓಡಿಬಂದರು.

ಫೈನಲ್ ಚಾಂಪಿಯನ್ ರೀಫ್ಸಿನ ಗಣಿ ತಂಡದ ಮೇಲೆ. ಎದೆಯೆಂದರೆ ಒಬ್ಬೊಬ್ಬರದು ಒಂದೊಂದು ಬಾಗಿಲು. ಕೊನೆಯ ಗಳಿಗೆಯವರೆಗೂ ಎರಡೂ ಕಡೆ ಸಮ. ಕೊನೆಯ ಕೂತ ನಮ್ಮದು, ಇವ‌ರು ಹೋದರು. ಎಡ ಮೂಲೆಯವನನ್ನು ಮುಟ್ಟಿ ತಿರುಗಿದಾಗ ಭೂಮಿಯೊಳಗೆ ಮರದ ಆಸರೆ ಕಟ್ಟುವ ಕೆಲಸದ ಒಬ್ಬ ಕಟ್ಟಾಳು ಕಾಲಿಗೆ ಬಿದ್ದ. ಅವನ ಮೇಲೆ ಇನ್ನಿಬ್ಬರು. ಮೂವರನ್ನೂ ಎಳೆದುಕೊಂಡು ಇವರು ಗೆರೆಯ ಕಡೆ ತೆವಳಿದರು. ಮೈದಾನವೆಲ್ಲ ಸದ್ದಡಗಿ ಆ ಒಂದು ಉಸಿರಿನ ಚಡುಗುಡು ಮಾತ್ರ ಕೇಳುತ್ತಿತ್ತು. ಬೆರಳಿಗೂ ಗೆರೆಗೂ ಒಂದು ಗೇಣು ಇರುವಾಗ ಅದೂ ನಿಂತಿತು.

ಸೋತೆವು. ಒಂದೇ ಒಂದು ಪಾಯಿಂಟಿನಲ್ಲಿ. ಆದರೆ ಗಣಿಯವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ನಮ್ಮೂರಿಗೆ. ಕಾಲು ಹಿಡಿದ ಆ ಕಟ್ಟಾಳೇ ಇವರನ್ನು ಎಬ್ಬಿಸಿ ಬೆನ್ನಿನ ಮಣ್ಣು ಕೊಡವಿದ. ನಮ್ಮೂರಿನ ಆರು ಜನ ಓಡಿಬಂದು ಇವರನ್ನು ಸುತ್ತಿಕೊಂಡು, ಬಲಗಡೆ ತಿರುಗಬೇಕಿತ್ತು ಎಂದು ಬಾಯಿಗೆ ಬಂದಂತೆ ಬೈದರು, ಒಬ್ಬ ಅಳುತ್ತಲೇ ಬೈದ. ನಾನು ಇಷ್ಟು ವರ್ಷ ಬದುಕಿ ಏನೇನೋ ಗೆಲುವು ಕಂಡಿದ್ದೇನೆ. ಆ ಸೋಲಿನಷ್ಟು ಹೆಮ್ಮೆ ಯಾವುದರಲ್ಲೂ ಪಟ್ಟಿಲ್ಲ.

ಸಂಜೆ ನಾವೆಲ್ಲ ಬಸ್ ನಿಲ್ಲುವ ಕಡೆ ಬಂದೆವು. ಆಷಾಢಕ್ಕೆ ಇನ್ನೂ ಕೆಲವು ದಿನ ಉಳಿದಿತ್ತು. ಅಪ್ಪ ಸೋತ ದುಃಖದಲ್ಲಿ, ಕೆಟ್ಟ ಮನಸ್ಸಿನಿಂದಲ್ಲ, ಹೆಂಗಸರಿಲ್ಲದೆ ಮನೆ ಹಾಳು ಬಿದ್ದಿದೆ, ಆಟವೂ ಮುಗಿಯಿತು, ಉಳಿದ ದಿನ ಹುಡುಗ ಬೇತಮಂಗಲದಲ್ಲಿ ಇರಲಿ, ನೀನು ಮನೆಗೆ ಬಾ ಎಂದು ಅಮ್ಮನಿಗೆ ಹೇಳಿದ. ಇವರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಅಮ್ಮ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಕಾಮಸಮುದ್ರದ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದಳು.

ಆಗಲೇ ಗಣಿ ತಂಡದ ಮೇಲ್ವಿಚಾರಕ ಇವರನ್ನು ಹುಡುಕಿಕೊಂಡು ಬಂದ. ಗಣಿಯೊಳಗೆ ಇಳಿಯಬೇಕಿಲ್ಲದ ಮೇಲುಗಡೆಯ ಕೆಲಸ, ಲೈನಿನಲ್ಲಿ ಮನೆ, ತಿಂಗಳ ಸಂಬಳ, ಮುಂದಿನ ತಿಂಗಳಿಂದಲೇ ಸೇರಬಹುದು ಅಂದ. ಅಪ್ಪನ ಮುಖ ಕಪ್ಪಿಟ್ಟಿತು. ಇವರು ಹೇಳಿದರು.

"ನಂದೇನಿಲ್ಲ ಸಾರ್. ನಮ್ಮಮ್ಮನ್ನ ಕೇಳ್ಬೇಕು."

ಅವನು ಬೇತಮಂಗಲದವರ ಗುಂಪಿನ ಕಡೆ ನೋಡಿದ. ಇವರು ತಲೆಯಾಡಿಸಿ, ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದ ನಮ್ಮಮ್ಮನ ಕಡೆ ಕೈ ತೋರಿಸಿದರು. ಅಲ್ಲಿಯವರೆಗೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದವರು. ಅಮ್ಮ ಕಂಬಿ ಹಿಡಿದುಕೊಂಡೇ, ಈಗ ಆಷಾಢ, ಶ್ರಾವಣ ಬಂದ ಮೇಲೆ ಮನೆಗೆ ಬನ್ನಿ, ತಾಯಿ ಮಗ ಕೂತು ಮಾತಾಡಿ ಹೇಳುತ್ತೇವೆ ಎಂದು ಆ ಮನುಷ್ಯನಿಗೆ ಹೇಳಿದಳು. ಆಮೇಲೆ ಇವರ ಕಡೆ ತಿರುಗಿದಳು.

"ಎಮ್ಮೆಗೆ ಇಂಡಿ ಮರೀಬ್ಯಾಡ ನಾಯ್ನಾ. ಬೀಗ ಅವರ್ ಕೈಗೆ ಕೊಡ್ಬ್ಯಾಡ, ನೀನೇ ಇಟ್ಕೋ."

ಅವರು ಎಂದರೆ ಅಪ್ಪ. ನಾಯ್ನಾ ಎಂದರೆ ಅವಳ ತವರಿನ ಮಾತಿನಲ್ಲಿ ಮಗನೇ ಅಂದ ಹಾಗೆ. ಇವರು ಆಗಲಮ್ಮ ಅಂದರು. ಬಸ್ಸು ಹೊರಟಿತು. ಅಮ್ಮ ಕೂತ ಕೂಡಲೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು.